ಎಳ್ಳು ಬೀರದ ವರ್ಷ

ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡಿತ್ತು. ಅವರೆಯ ಕಾಲ ಬಂತೆಂದರೆ ಆ ಬೆರಳಿಗೆ ಬಿಡುವಿಲ್ಲ. ನೆನೆದ ಕಾಳನ್ನು ಒತ್ತಿ ಒತ್ತಿ ಬೇಳೆ ಹಿತಕುತ್ತಲೇ ಇರುತ್ತಿದ್ದರು. ನಮಗೆ ರಕ್ತಸಂಬಂಧವೇನೂ ಇಲ್ಲ. ಹೊಸಹೊಳಲಿನ ನಮ್ಮ ಬೀದಿಯ ಮಕ್ಕಳಿಗೆಲ್ಲ ಅವರು ದೊಡ್ಡಮ್ಮ, ಅರ್ಧ ಪ್ರೀತಿ, ಅರ್ಧ ದರ್ಬಾರು.

ತೊಂಬತ್ತರ ದಶಕದ ಸಂಕ್ರಾಂತಿಗಳವು. ನಾವು ಎಳ್ಳುಬೆಲ್ಲದ ತಟ್ಟೆ ಹಿಡಿದು ಹೊರಟರೆ ಜಗಲಿಯಿಂದಲೇ ಕೂಗುತ್ತಿದ್ದರು.

"ಕೊಟ್ಬುಟ್ಟು ಓಡ್ಬರ್ಬ್ಯಾಡಿ ಕಣ್ರವ್ವ. ಒಂದ್ ಚಣ ಕುಂತ್ಕಂಡು, ಆ ಮನೆವ್ರಿಗೆ ಏನಾರ ಒಂದ್ ಕೆಲ್ಸ ಮಾಡ್ಕೊಟ್ ಬನ್ನಿ."

ಕಣ್ಣು ಮಂಜಾದ ಅಜ್ಜಿಗೆ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆವು, ಬಾಣಂತಿಯ ಮಗುವನ್ನು ಆಡಿಸುತ್ತಿದ್ದೆವು. ನಮ್ಮ ಗೆಳತಿಯೊಬ್ಬಳು ಹಳೆಯ ಪಟೇಲರ ಎತ್ತಿನ ಕತೆ ಕೇಳಲು ಕುಳಿತವಳು ಹಬ್ಬದೂಟವನ್ನೇ ತಪ್ಪಿಸಿಕೊಂಡಳು. "ಅವ್ರು ಮಾತಾಡಿ ಎಷ್ಟ್ ದಿನ ಆಗಿತ್ತೋ, ಪುಣ್ಯ ಬತ್ತದೆ ಬುಡು," ಎಂದು ದೊಡ್ಡಮ್ಮ ಅವಳಿಗೆ ಪೊಂಗಲ್ ಎತ್ತಿಟ್ಟಿದ್ದರು.

ಒಂದು ವರ್ಷ ನನ್ನ ಪುಟ್ಟ ತಮ್ಮ ಜ್ವರದಲ್ಲಿ ತೀರಿಕೊಂಡ. ಅವ್ವ ಮೂಲೆ ಹಿಡಿದಳು. ಅನ್ನ ಕೊಟ್ಟರೆ ಉಣ್ಣುತ್ತಿದ್ದಳು, ಕರೆದರೆ ಓಗೊಡುತ್ತಿರಲಿಲ್ಲ, ಒಮ್ಮೆಯೂ ಅತ್ತಿರಲಿಲ್ಲ. ತಮ್ಮನ ಜೊತೆ ಅವ್ವನೂ ಹೋಗಿಬಿಟ್ಟಳೇನೋ ಎಂದು ನನಗೆ ಹೆದರಿಕೆ. ಸಾವಾದ ಮನೆ, ವರ್ಷ ತುಂಬುವವರೆಗೆ ಹಬ್ಬವಿಲ್ಲ, ಎಳ್ಳು ಬೀರುವಂತಿಲ್ಲ. ಸಂಕ್ರಾಂತಿಯ ದಿನ ನಾನು ದೊಡ್ಡಮ್ಮನ ಜಗಲಿಯಲ್ಲಿ ಅಳುತ್ತಾ ಕುಳಿತಿದ್ದೆ.

"ಎಳ್ಳು ಬೀರ್ಬಾರ್ದು ಅಂದವ್ರೆ. ನಿನ್ ಕೈಯೇನು ಕಟ್ಟಾಕಿದಾರಾ ಮಗ?" ಎಂದರು. ಕೊಬ್ಬರಿ ಎಣ್ಣೆಯ ಬಟ್ಟಲು ತಂದಿಟ್ಟರು. "ಓಗು, ನಿಮ್ಮವ್ವನ ತಲೆ ಬಾಚು. ಮಾತಾಡ್ಸಬ್ಯಾಡ. ಅಳಬ್ಯಾಡ ಅಂತ್ಲೂ ಅನ್ಬ್ಯಾಡ. ಸುಮ್ನೆ ಬಾಚು."

ಅವ್ವನ ಕೂದಲು ಸಿಕ್ಕುಗಟ್ಟಿ ಗಂಟುಗಂಟಾಗಿತ್ತು. ಎಣ್ಣೆ ಹಚ್ಚಿ, ಎಳೆ ಎಳೆಯಾಗಿ ಬಿಡಿಸುತ್ತಾ ಕುಳಿತೆ. ಬೀದಿಯಲ್ಲಿ ಹುಡುಗಿಯರ ನಗು ಕೇಳುತ್ತಿತ್ತು. ಒಂದು ಗಂಟಿಗೆ ಬಾಚಣಿಗೆ ಸಿಕ್ಕಿ ಜೋರಾಗಿ ಎಳೆದಾಗ ಅವ್ವ, "ಮೆಲ್ಲಗೆ ಕಣವ್ವ, ನೋಯ್ತದೆ," ಎಂದಳು. ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು, ಬಹಳ ಹೊತ್ತು ಅತ್ತಳು. ಆವತ್ತಿನಷ್ಟು ಸಂತೋಷ ನನಗೆ ಯಾವ ಹಬ್ಬದಲ್ಲೂ ಆಗಿಲ್ಲ.

ಓಡಿಹೋಗಿ ಹೇಳಿದರೆ ದೊಡ್ಡಮ್ಮ ಕೆಲಸದಿಂದ ತಲೆ ಎತ್ತಲಿಲ್ಲ. "ನಾಳೀಕೂ ಓಗಿ ಕುಂತ್ಕೊ," ಎಂದರು, ಅಷ್ಟೆ.

ಕೆಲವು ವರ್ಷಗಳ ನಂತರ ದೊಡ್ಡಮ್ಮ ತೀರಿಕೊಂಡರು. ಅವರ ಋಣ ತೀರಿಸಲು ನನ್ನಿಂದಾಗಲಿಲ್ಲ. ಮಣ್ಣು ಮುಗಿಸಿ ಬಂದವರೆಲ್ಲ ಅವರ ಸೊಸೆಗೆ ಸಮಾಧಾನ ಹೇಳಿ ಹೇಳಿ ಎದ್ದುಹೋದರು. ಅವ್ವ ಮಾತ್ರ ಏನೂ ಹೇಳದೆ ಆ ಹುಡುಗಿಯ ಪಕ್ಕ ಕುಳಿತಳು. ದೀಪ ಹಚ್ಚುವ ಹೊತ್ತಿಗೆ ಕರೆಯಲು ಹೋದೆ. "ನೀನು ನಡಿ ಮಗ," ಎಂದಳು, "ಇವಳು ಇನ್ನೂ ಅತ್ತಿಲ್ಲ."