ನೀರು ಬಿಡಿಸಿದ ಅಕ್ಕೋರು

ಇವತ್ತು ಬೆಳಿಗ್ಗೆ ನಳಕ್ಕೆ ನೀರು ಬಂತು. ಎಷ್ಟೋ ದಿನಗಳ ಮೇಲೆ ಬಂದದ್ದು, ಮನೆಯಲ್ಲಿ ಕೊಡ, ಬಕೆಟ್ಟು, ಡ್ರಮ್ಮುಗಳದೇ ಸಡಗರ. ಕ್ಲೋರಿನ್ ಸ್ವಲ್ಪ ಧಾರಾಳವಾಗಿಯೇ ಬಿದ್ದಿತ್ತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನ್ ನಾತರಿ ಅತ್ತಿ ಇದು" ಎಂದಳು. ನಾನು ಮಾತ್ರ ಡ್ರಮ್ಮಿನ ಮೇಲೆ ಬಗ್ಗಿ ನಿಂತೇ ಇದ್ದೆ. ಆ ವಾಸನೆ ನನಗೆ ಪರ್ಫ್ಯೂಮ್ ಇದ್ದ ಹಾಗೆ. ನಂಬದಿದ್ದರೆ ಬಿಡಿ... ನಾನು ಅರವತ್ತು ದಾಟಿದ ಮೇಲೆ ಈಜು ಕಲಿತವಳು.

ಮೊಣಕಾಲು ನೋವಿಗೆ ಡಾಕ್ಟರು ಸ್ವಿಮಿಂಗ್ ಮಾಡಿ ಎಂದಾಗ ನಕ್ಕಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಎಂಬ್ರಾಯ್ಡರಿ, ಎಲೊಕ್ಯೂಷನ್, ಟೇಬಲ್ ಮ್ಯಾನರ್ಸ್ ಎಲ್ಲ ಕಲಿಸಿದ್ದರು. ನೀರಿಗೆ ಇಳಿಯುವುದನ್ನು ಕಲಿಸಿರಲಿಲ್ಲ. ಆಗ ಗದುಗಿನ ಹೊರಗೆ, ಮಲ್ಲಸಮುದ್ರದ ಕಡೆ ಹೋಗುವ ದಾರಿಯಲ್ಲಿ, ಒಂದು ಖಾಸಗಿ ಈಜುಗೊಳ ಹೊಸದಾಗಿ ಶುರುವಾಗಿತ್ತು. ಮಧ್ಯಾಹ್ನ ಒಂದು ತಾಸು ಲೇಡೀಸ್ ಬ್ಯಾಚ್. ಅದಕ್ಕೆಂದೇ ನೇಮಿಸಿದ್ದ ಕೋಚನ್ನು ನಾವು ಸಾಲಿಯ ಟೀಚರಿಗೆ ಅನ್ನುವ ಹಾಗೆ ಅಕ್ಕೋರು ಅನ್ನುತ್ತಿದ್ದೆವು. ಹೊಳೆದಂಡೆಯ ಹಮ್ಮಿಗಿ ಊರಿನವರು, ತುಂಗಭದ್ರೆಯಲ್ಲಿ ಈಜುತ್ತಲೇ ಬೆಳೆದವರು. ಕೊಳದ ನೀರು ಬೋರಿನದೋ ಟ್ಯಾಂಕರಿನದೋ, ಅವರ ಲೆಕ್ಕದಲ್ಲಿ ಎಲ್ಲವೂ ಹೊಳೆಯದೇ. "ನಮ್ಮೂರ ನೀರರಿ ಇವು, ಅಂಜಬ್ಯಾಡ್ರಿ. ನಾ ಹೇಳಿದ್ರ ಕೇಳ್ತಾವ" ಎನ್ನುತ್ತಿದ್ದರು.

ನೀರು ಕೇಳುತ್ತಿತ್ತೋ ಇಲ್ಲವೋ, ನಾವಂತೂ ಕೇಳಲೇಬೇಕಿತ್ತು. ಎಣ್ಣೆ ಹಚ್ಚಿದ ತಲೆ ಕಂಡರೆ ವಾಪಸು ಷವರಿಗೆ. ಕಾಲಿಗೆ ಗಾಯವಿದ್ದರೆ ಸೀದಾ ಮನೆಗೆ. ನಮ್ಮನ್ನು ಇಳಿಸುವ ಮೊದಲು ದಿನಾಲು ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಔಷಧದ ಹನಿ ಬಿಟ್ಟು, ಕ್ಲೋರಿನ್ ಎಷ್ಟಿದೆಯೆಂದು ಬಣ್ಣ ನೋಡುತ್ತಿದ್ದರು. ಬಣ್ಣ ಸರಿ ಬರಲಿಲ್ಲವೆಂದರೆ ಯಾರೂ ಇಳಿಯುವಂತಿಲ್ಲ. ಇಂಥ ಡಿಸಿಪ್ಲಿನ್ ನಾನು ಮದರ್ ಸುಪೀರಿಯರ್ ಹತ್ತಿರವೂ ಕಂಡಿರಲಿಲ್ಲ.

ಒಂದೇ ಒಂದು ಕಡೆ ಅವರು ಸೋತಿದ್ದರು. ಗೋಡೆಯ ಬೋರ್ಡಿನಲ್ಲಿ ಗಾಜಿನ ವಸ್ತು ತರಬಾರದು ಎಂದು ದೊಡ್ಡದಾಗಿ ಬರೆದಿತ್ತು. ನಾವು ಬಾಟಲಿ ಎಂದುಕೊಂಡಿದ್ದೆವು. ಕೈತುಂಬ ಹಸಿರು ಬಳೆ ತೊಟ್ಟ ಮುತ್ತೈದೆಯರಿಗೆ ಅದೂ ಗಾಜು ಎಂದು ಹೊಳೆಯುವುದಾದರೂ ಹೇಗೆ? ಅಕ್ಕೋರು ಬಿಡಿಸಿ ಹೇಳಿದಾಗ ಎಲ್ಲರ ಮುಖ ಗಂಟಾಯಿತು. "ಬರಿಗೈಲೆ ನೀರಿಗಿ ಇಳಿಯೂದಂದ್ರ ಏನ್ ಮಾತರಿ" ಎಂದರು ಬೆಟಗೇರಿಯಿಂದ ಬರುತ್ತಿದ್ದ ಹಿರಿಯರೊಬ್ಬರು. ಕಡೆಗೆ ಬಳೆಗಳ ಮೇಲೆ ಬಟ್ಟೆಪಟ್ಟಿ ಬಿಗಿಯಾಗಿ ಸುತ್ತಿಕೊಂಡು ಇಳಿಯುವುದೆಂದು ರಾಜಿಯಾಯಿತು. ಅಕ್ಕೋರಿಗೆ ಸಮಾಧಾನವಿರಲಿಲ್ಲ. ಆದರೆ ಬ್ಯಾಚು ಒಡೆದರೆ ಅವರ ಕೆಲಸವೂ ಉಳಿಯುತ್ತಿರಲಿಲ್ಲ. ಹೆಂಗಸರಿಂದ ಏನಾದರೂ ತಂಟೆಯಾದರೆ ಆ ಬ್ಯಾಚೇ ಬಂದ್ ಎಂದು ಮ್ಯಾನೇಜರ್ ಮೊದಲೇ ಹೇಳಿಟ್ಟಿದ್ದ.

ಆ ದಿನ... ಲಕ್ಷ್ಮೇಶ್ವರದಿಂದ ಮದುವೆಯಾಗಿ ಬಂದಿದ್ದ ಹುಡುಗಿ ಮೊದಲ ಸಲ ಈ ದಡದಿಂದ ಆ ದಡ ಮುಟ್ಟಿದಳು. ಖುಷಿಗೆ ಗೋಡೆಗೆ ಕೈ ಬಡಿದಳು. ಪಟ್ಟಿ ಯಾವಾಗ ಸಡಿಲಾಗಿತ್ತೋ, ಟಳ್ ಎಂದಿತು.

"ಎಲ್ಲಾರೂ ಮ್ಯಾಲ ಬರ್ರಿ. ಕಾಲು ಊರಬ್ಯಾಡ್ರಿ, ತೇಲ್ಕೋತ ಬರ್ರಿ" ಎಂದರು ಅಕ್ಕೋರು. "ಬಳಿ ಒಡದೈತಿ."

"ಒಡದೈತಿ ಅನಬ್ಯಾಡ್ರಿ, ಹಿಗ್ಗೈತಿ ಅನ್ರಿ" ಎಂದರು ಬೆಟಗೇರಿಯವರು. ಮುತ್ತೈದೆಯ ಬಳೆಗೆ ಒಡೆಯಿತು ಎನ್ನುವುದು ಅಪಶಕುನ.

"ಏನರ ಅನ್ರಿ ವೈನಿ, ಕಾಲಿಗೆ ಚುಚ್ಚೂದು ಚುಚ್ಚತೈತಿ."

ಅಕ್ಕೋರು ಮುಳುಗಿ ಮುಳುಗಿ ಎದ್ದರು. ಸಿಕ್ಕ ಚೂರುಗಳನ್ನು ಬಿಳಿ ಟವೆಲ್ಲಿನ ಮೇಲೆ ಒಂದಕ್ಕೊಂದು ಹೊಂದಿಸುತ್ತ ಹೋದೆವು, ಮಕ್ಕಳ ಜಿಗ್‌ಸಾ ಪಜಲ್ ಇದ್ದ ಹಾಗೆ. ಬಳೆ ದುಂಡಗಾದರೆ ನೀರಲ್ಲಿ ಏನೂ ಉಳಿದಿಲ್ಲ ಎಂದರ್ಥ. ಆಗಲಿಲ್ಲ. ಉಗುರಿನಷ್ಟು ಜಾಗ ಖಾಲಿ ಉಳಿಯಿತು. ಎಷ್ಟು ಮುಳುಗಿದರೂ ಆ ಚೂರು ಸಿಗಲಿಲ್ಲ.

"ಇಷ್ಟ ಚೂರಿಗೆ ಯಾಕ ಸುಮ್ನ ಗದ್ದಲರಿ" ಎಂದು ನಮ್ಮಲ್ಲೊಬ್ಬರು ಮೆಲ್ಲಗೆ ಅಂದರು. "ಹೇಳಿದ್ರ ಬ್ಯಾಚ್ ಹೋಕ್ಕೈತಿ, ನಿಮ್ಮ ಪಗಾರನೂ ಹೋಕ್ಕೈತಿ."

ಅಕ್ಕೋರು ಗೇಟಿನ ಕಡೆ ನೋಡಿದರು. ನಮ್ಮ ನಂತರ ಮಕ್ಕಳ ಬ್ಯಾಚು. ಗಾಗಲ್ಸ್ ಏರಿಸಿಕೊಂಡ ಮಕ್ಕಳು ತಾಯಂದಿರ ಕೈ ಜಗ್ಗುತ್ತ ನಿಂತಿದ್ದವು. "ಹುಡುಕಾಕ ಹ್ವಾದ ನನ್ನ ಕಣ್ಣಿಗೇ ಕಾಣವಲ್ದು" ಎಂದರು. "ಆಡಾಕ ಬರೂ ಕೂಸುಗೋಳಿಗೆ ಕಾಣತೈತೇನರಿ?" ಹೋಗಿ ಗೇಟಿಗೆ ಸರಪಳಿ ಹಾಕಿ, ತಾವೇ ಮ್ಯಾನೇಜರನನ್ನು ಕರೆತಂದರು.

ಅವನು ಕೆಂಡವಾದ. "ಕೊಡ ನೀರಿಗೆ ಮಂದಿ ಪಾಳಿ ಹಚ್ಚೂ ಊರಾಗ ಇಷ್ಟೂ ನೀರು ಗಟಾರಕ್ಕ ಬಿಡ್ಲೇನು, ಒಂದ್ ಬಳಿ ಸಲವಾಗಿ? ಹೆಂಗಸರ ಬ್ಯಾಚು ಇವತ್ತಿಗೆ ಮುಗೀತು."

"ಆತರಿ. ಬ್ಯಾಚು ಆಮ್ಯಾಲ ಬಂದ್ ಮಾಡ್ರಿ. ಮೊದಲ ನೀರು ಬಿಡಸ್ರಿ."

ಬಿಡಿಸಬೇಕಾಯಿತು, ಯಾಕೆಂದರೆ ಗೇಟಿನ ಆಚೆಯ ತಾಯಂದಿರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಮರುದಿನ ಬರಿದಾದ ಕೊಳಕ್ಕೆ ಚಪ್ಪಲಿ ಹಾಕಿಕೊಂಡೇ ಇಳಿದು, ಒದ್ದೆ ಅರಿವೆಯಿಂದ ನೆಲ ಒರೆಸಿದೆವು. ಚೂರು ಸಿಕ್ಕಿತು. ಮಕ್ಕಳು ನಿಲ್ಲುವ ಶ್ಯಾಲೋ ಎಂಡಿನಲ್ಲಿ, ಎರಡು ಟೈಲ್ಸಿನ ಸಂದಿಯಲ್ಲಿ, ಚೂಪು ಮೇಲಾಗಿ ನಿಂತಿತ್ತು. ನೋಡಲು ಬಂದಿದ್ದ ಮಕ್ಕಳ ತಾಯಂದಿರಲ್ಲಿ ಒಬ್ಬಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಮ್ಯಾನೇಜರನ ಮುಂದೆ ಹಿಡಿದಳು. "ಈ ಅಕ್ಕೋರು ಇದ್ರ ನಮ್ಮ ಹುಡುಗ್ರನ್ನ ಕಳಸ್ತೇವಿ. ಇಲ್ಲಾಂದ್ರ ಇಲ್ಲರಿ." ಉಳಿದವರೂ ಹೂಂಗುಟ್ಟಿದರು. ಮಕ್ಕಳ ಬ್ಯಾಚೂ ಅಕ್ಕೋರ ಕೈಗೆ ಬಂತು. ನಮ್ಮದು ಬಂದ್ ಆಗುವ ಮಾತು ಮತ್ತೆ ಬರಲಿಲ್ಲ.

ಕೊಳ ತುಂಬಿದ ದಿನ ಬೆಟಗೇರಿಯವರು ತಾವಾಗಿಯೇ ಬಳೆ ಕಳಚಿ ಕರ್ಚೀಫಿನಲ್ಲಿ ಕಟ್ಟಿಟ್ಟರು. ಬರಿಗೈ ಅನ್ನಿಸಬಾರದೆಂದು ಎಲ್ಲರ ಕೈಗೂ ಅರಿಷಿಣದ ದಾರ ಕಟ್ಟುತ್ತ ಬಂದರು. ಅಕ್ಕೋರು ತಲೆ ಚಚ್ಚಿಕೊಂಡರು. "ನೀರು ಹಳದಿ ಆಕ್ಕಾವರಿ ವೈನಿ, ಬರೇ ದಾರ ಕಟ್ರಿ." ಆ ಬಿಳಿ ದಾರ ಕಟ್ಟಿಕೊಂಡೇ ನಾನು ಮೊದಲ ಸಲ ಅಂಗಾತ ತೇಲಿದ್ದು. ಕಿವಿ ನೀರೊಳಗೆ, ಕಣ್ಣು ಆಕಾಶದಲ್ಲಿ, ಮೊಣಕಾಲಿನ ನೆನಪೇ ಇಲ್ಲ... ಐ ವಾಸ್ ಸೋ ಹ್ಯಾಪಿ.

ಕೊರೋನಾ ಬಂದಾಗ ಆ ಕೊಳ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಅಕ್ಕೋರು ಹಮ್ಮಿಗಿಗೆ ಮರಳಿದರು. ಕೆಲವು ಸಲ ಫೋನಿನಲ್ಲಿ ಮಾತಾಡಿದೆವು, ಆಮೇಲೆ ಅದೂ ನಿಂತಿತು. ತೀರಿಕೊಂಡ ಖಬರು ನನಗೆ ತಲುಪುವಷ್ಟರಲ್ಲಿ ದಿನಕರ್ಮಗಳೆಲ್ಲ ಮುಗಿದಿದ್ದವು. ಏನಾಗಿತ್ತು ಎಂದು ಕೇಳಲು ನನ್ನ ಹತ್ತಿರ ಬೇರೆ ಯಾರ ನಂಬರೂ ಇರಲಿಲ್ಲ.

ಹೋದ ಬೇಸಿಗೆ ಹುಬ್ಬಳ್ಳಿಯ ಒಂದು ಹೋಟೆಲಿನಲ್ಲಿ ಇಳಿದುಕೊಂಡಿದ್ದೆವು. ಚೆಂದದ ಪೂಲು, ಪಕ್ಕದಲ್ಲೇ ಸ್ಪಾ. ನೀರಿನ ಬದಿಗೆ ಈಜುವವರನ್ನು ಕಾಯುವ ಎತ್ತರದ ಕುರ್ಚಿ ಇತ್ತು, ಲೈಫ್‌ಗಾರ್ಡ್ ಇರಲಿಲ್ಲ. ಮೊಮ್ಮಗಳು ಜಿಗಿಯಲು ಓಡಿದಳು. ಬೇಡವೆಂದು ತಡೆದು, ಹೇಗೋ ಹತ್ತಿ ಆ ಕುರ್ಚಿಯಲ್ಲಿ ನಾನೇ ಕೂತೆ. ಇಂಥಲ್ಲಿ ಅಕ್ಕೋರು ಇರಬೇಕಿತ್ತು ಅನ್ನಿಸಿತು. ಸ್ವಲ್ಪ ಹೊತ್ತಿಗೆ ಗಾರ್ಡ್ ಚಹಾದ ಕಪ್ಪು ಹಿಡಿದು ಬಂದ.

"ಅಜ್ಜಿ, ಅದು ನನ್ನ ಕುರ್ಚಿರಿ."

"ಗೊತ್ತೈತಪ. ನೀ ಬರೂತನಾ ಕಾಯಾಕತ್ತಿದ್ದೆ."

ಅವನು ನಕ್ಕು, ಕೈ ಹಿಡಿದು ಇಳಿಸಿ, ತಾನು ಹತ್ತಿ ಕೂತ. ಅವನ ಮುಖ ನೀರಿನ ಕಡೆ ತಿರುಗುವವರೆಗೆ ತಡೆದು, ಆಮೇಲೆ ಮೊಮ್ಮಗಳಿಗೆ ಹೇಳಿದೆ, "ಈಗ ಇಳಿ."