ಟಿವಿ ಓಡುವ ಮನೆಗೆ ಬಂದ ಬಿಲ್ಲು

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ಬೀದಿಯ ಮೀಟರ್ ರೀಡರ್ ಜೊತೆ ಜಗಳಕ್ಕೆ ನಿಂತು ಸೋತೆ. ಸದಾ ಸೊನ್ನೆ ಬರುತ್ತಿದ್ದ ಕರೆಂಟ್ ಬಿಲ್ಲಿನಲ್ಲಿ ಈ ಸಲ ದುಡ್ಡು ಕಟ್ಟಿ ಎಂದಿತ್ತು.

"ಇನ್ನೂರು ಯೂನಿಟ್ ಫ್ರೀ ಅಂತೀರಿ, ನಂದು ನೂರೂ ಆಗಿಲ್ವಲ್ಲಪ್ಪ!" ಎಂದೆ.

"ಎಲ್ರಿಗೂ ಇನ್ನೂರಲ್ಲ ಯಜಮಾನ್ರೇ. ಯೋಜನೆ ಬರೋಕ್ ಮುಂಚೆ ನಿಮ್ಮನೇಲಿ ಎಷ್ಟು ಉರ್ಸಿದ್ರೋ, ಅದರ ಸರಾಸರಿ ಮೇಲೆ ಒಸಿ ಸೇರ್ಸಿ ಕೊಟ್ಟವ್ರೆ. ದಾಟಿದ್ದಕ್ಕೆ ಕಾಸು. ಆಗ ನೀವ್ ಭಾಳ ಕಮ್ಮಿ ಉರ್ಸಿದ್ದೀರ."

ಪಕ್ಕದ ಮನೆ ಜಯಮ್ಮ ಕಾಂಪೌಂಡಿನಾಚೆಯಿಂದ ನಕ್ಕರು. "ಉರ್ಸಾಕೆ ಬುಟ್ರೆ ತಾನೆ? ಕಬ್ಬಾಳಮ್ಮನಾಣೆ, ಹೆಂಡ್ತಿ ಬಚ್ಚಲಿಂದ ಈಚೆಗ್ ಬರೋಕ್ ಮುಂಚೇನೇ ಈವಯ್ಯ ಲೈಟ್ ಆರಿಸ್ಬುಡೋರು!"

ನಿಜ. ಉಳಿತಾಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ.

"ಈಗ್ಯಾಕೆ ಜಾಸ್ತಿ ಆಯ್ತು? ಒಬ್ರೇ ಅಲ್ವಾ ಇರೋದು?" ಎಂದು ಮೀಟರ್ ರೀಡರ್ ಕೇಳಿದರು. ಒಳಗೆ ಟಿವಿ ಜೋರಾಗಿ ಕೂಗುತ್ತಿತ್ತು. ಹೆಂಡತಿ ತೀರಿಹೋದ ಮೇಲೆ ದಿನವಿಡೀ ಅವಳ ಚಾನಲ್ ಹಾಕಿಟ್ಟು ನಾನು ಜಗಲಿಯಲ್ಲಿ ಕೂರುತ್ತೇನೆ. ಒಳಗೆ ಯಾರೋ ಇದ್ದಾರೆ ಅನ್ನಿಸುತ್ತದೆ.

"ಆ ಟಿವಿ ಆಫ್ ಮಾಡಿ, ಮುಂದಿನ ತಿಂಗಳು ಸೊನ್ನೆ ಬತ್ತೈತೆ" ಎಂದು ಹೋದರು.

ಮಧ್ಯಾಹ್ನ ಆಫ್ ಮಾಡಿ ನೋಡಿದೆ. ಊಟ ಸೇರಲಿಲ್ಲ. ಮತ್ತೆ ಹಾಕಿದೆ. ಈಗ ಉಳಿತಾಯಕ್ಕೆಂದು ಫ್ಯಾನ್ ಆರಿಸಿ, ಟವೆಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಅವಳ ಸೀರಿಯಲ್ ಮುಂದೆ ಕೂತಿದ್ದೇನೆ. ತಪ್ಪು ಅತ್ತೆಯದೋ ಸೊಸೆಯದೋ, ಮೊದಲಿಂದ ನೋಡಿದವರು ಯಾರಾದರೂ ಹೇಳಿ.