ನಮ್ಮತ್ತೆ ತಿಂದ ಭಟ್ಟಿಯ ಗಸಿ

ನಮ್ಮತ್ತೆ ಹಾಲು, ಮಜ್ಜಿಗೆ, ತುಪ್ಪ, ಬೇಳೆ, ಕಾಯಿಪಲ್ಯ ಎಲ್ಲವನ್ನೂ ಬಿಟ್ಟಿದ್ದರು. ವ್ರತವಂತೆ. ಜೋಳದ ರೊಟ್ಟಿ, ಉಪ್ಪು, ಖಾರ, ಇಷ್ಟೇ. ದೇವರು ಅದನ್ನು ಕೇಳಿದ್ದನೋ ಇಲ್ಲವೋ, ನಮ್ಮೂರು ಕಟಕೋಳದ ಹೆಂಗಸರಿಗೆಲ್ಲ ಅದು ಗೊತ್ತಾಗಲೇಬೇಕಿತ್ತು. ಬಂದವರು ಕುಳಿತುಕೊಳ್ಳುವ ಮೊದಲೇ ತಾವು ಬಿಟ್ಟ ಪದಾರ್ಥಗಳ ಹೆಸರು ಹೇಳಿ ಮುಗಿಸುತ್ತಿದ್ದರು. ನಾನು ಆಗ ಆ ಮನೆಯ ಹೊಸ ಸೊಸೆ.

ವ್ರತದ ಎರಡನೆಯ ವರ್ಷ ಅವರ ಕೈ, ಕತ್ತಿನ ಚರ್ಮ ಸುಟ್ಟಂತೆ ಕಪ್ಪಾಗಿ ಸುಲಿಯತೊಡಗಿತು. ನಾಲಿಗೆ ಕೆಂಪಗೆ ಹಸಿಗಾಯವಾಯಿತು. ರಾಮದುರ್ಗದಿಂದ ಬಂದ ವೈದ್ಯರು, "ಮೈಯಾಗ ಉಷ್ಣ ಭಾಳ ಆಗೇತಿ" ಎಂದು ಖಾರವನ್ನೂ ಬಿಡಿಸಿ ಹೋದರು. ಬಿಡಲು ಇನ್ನೊಂದು ಪದಾರ್ಥ ಸಿಕ್ಕಿತೆಂದು ಅತ್ತೆಗೆ ಆ ನೋವಿನಲ್ಲೂ ಸಮಾಧಾನವಾದಂತಿತ್ತು.

ಊರ ಹೊರಗೆ ಹಳ್ಳದ ದಂಡೆಗೆ ಒಂದು ಭಟ್ಟಿ. ಬೆಲ್ಲದ ನೀರನ್ನು ಹುಳಿಯಿಸಿ ಸಾರಾಯಿ ಇಳಿಸುತ್ತಿದ್ದರು. ಪೀಪಾಯಿಗಳ ತಳದಲ್ಲಿ ಉಳಿದ ಕೆನೆಯಂಥ ಗಸಿಯನ್ನು ಹಳ್ಳಕ್ಕೆ ಚೆಲ್ಲುತ್ತಿದ್ದರು. ನೀರೆಲ್ಲ ನಾರುತ್ತಿತ್ತು, ಗುತ್ತಿಗೆದಾರನಿಗೆ ಮೂಗಿರಲಿಲ್ಲ. ಪೀಪಾಯಿ ತೊಳೆಯಲು ಸಾಲಹಳ್ಳಿಯ ಹೆಂಗಸೊಬ್ಬಳಿದ್ದಳು. ನಾನು ಭಟ್ಟಿಗಿಂತ ಮೇಲ್ಗಡೆ ಬಟ್ಟೆ ಒಗೆಯಲು ಹೋದಾಗ, ಅವಳು ಆ ಗಸಿಯನ್ನು ಅರಿವೆಯಲ್ಲಿ ಸೋಸಿ, ತಿಳಿನೀರಲ್ಲಿ ಮತ್ತೆ ಮತ್ತೆ ತೊಳೆದು, ನೆರಳಲ್ಲಿ ಹರವುವುದನ್ನು ಕಂಡೆ.

"ಏನ್ ಮಾಡ್ತೀ ಇದನ್ನ?" ಎಂದೆ.

"ಅಂಬಲ್ಯಾಗ ಹಾಕ್ಕೊಂಡು ಉಣತೇವ್ರಿ. ನಿಮ್ಮತ್ಯಾರಂಗ ನಮ್ಮವ್ವನ ಕೈನೂ ಸುಲದಿತ್ತು. ಇದನ್ನ ತಿಂದು ನೆಟ್ಟಗಾದ್ಲು. ಒಯ್ದು ಕೊಟ್ಟು ನೋಡ್ರಿ."

ನಾನು ಅತ್ತೆಗೆ ಏನನ್ನೂ ಮುಚ್ಚಿಡದೆ ಹೇಳಿದೆ. "ಸೆರೆ ಭಟ್ಟೀದ? ನನ್ನ ಕೊರಳಾಗ ಲಿಂಗ ಐತಿ, ಎಚ್ಚರ ಇರ್ಲಿ!" ಎಂದು ಕೂಗಾಡಿದರು. ಎರಡು ದಿನದ ಮೇಲೆ ನೀರೂ ನುಂಗಲಾಗದಾಗ, ಅಡಿಗೆಮನೆಯ ಬಾಗಿಲು ಮುಚ್ಚಿ, "ಒಂದೀಟು ತಂದು ಕೊಡು. ಯಾರಿಗೂ ಅನಬ್ಯಾಡ" ಎಂದರು. ತಂದು ಕೊಟ್ಟೆ. ಅದರ ಮೇಲೆ ಚಿಟಿಕೆ ವಿಭೂತಿ ಉದುರಿಸಿಕೊಂಡು ತಿಂದರು. ಆಮೇಲೆ ದಿನಾ ಮುಂಜಾನೆ ತಿಂದರು.

ವಾರದೊಳಗೆ ನಾಲಿಗೆ ಮಾಯ್ದಿತು. ತಿಂಗಳೊಪ್ಪತ್ತಿನಲ್ಲಿ ಕೈಗೆ ಹೊಸ ಚರ್ಮ ಬಂತು. ಈಗಿನ ಡಾಕ್ಟರರು ಅಂಥ ಗಸಿಯಲ್ಲಿ ಜೀವಸತ್ವವಿದೆ ಎಂದು ದೊಡ್ಡದಾಗಿ ಹೇಳುತ್ತಾರೆ. ಆಗ ನಮ್ಮಲ್ಲಿ ಅದರ ಗುಣ ಗೊತ್ತಿದ್ದವಳು ಪೀಪಾಯಿ ತೊಳೆಯುವವಳು ಒಬ್ಬಳೇ.

ಗುಣವಾದ ಸುದ್ದಿ ಕೇಳಿ ನೆಂಟರು ಬಂದರು. ಅತ್ತೆ ಪಡಸಾಲೆಯಲ್ಲಿ ಕುಳಿತು ಎರಡೂ ಕೈ ಚಾಚಿ, "ವ್ರತದ ಫಲ ನೋಡ್ರಿ" ಎಂದರು. ಸಂಗೊಳ್ಳಿಯಿಂದ ಬಂದಿದ್ದ ಅವರ ಅಕ್ಕ ಆ ಕೈಗಳನ್ನು ಕಣ್ಣಿಗೊತ್ತಿಕೊಂಡರು. ತಂಗಿಯನ್ನು ನೋಡಿ ಅವರೂ ಅದೇ ವ್ರತ ಹಿಡಿದಿದ್ದರು. ಅಷ್ಟರಲ್ಲಿ ಸಾಲಹಳ್ಳಿಯವಳು ಗಸಿಪುಡಿಯ ಗಂಟು ಹಿಡಿದು ಬಾಗಿಲಿಗೆ ಬಂದಳು.

ಅತ್ತೆ ಮೂಗಿಗೆ ಸೆರಗು ಹಿಡಿದರು. "ಭಟ್ಟೀ ವಾಸನಿ ಬರಾಕ್ಹತ್ತೇತಿ. ಆಕಿನ್ನ ಹೊರಗ ಕಳಸ್ರಿ."

ನನಗೆ ತಡೆಯಲಾಗಲಿಲ್ಲ. "ವಾಸನಿ ಆಕೀದಲ್ರಿ ಅತ್ಯಾರ, ನಿಮ್ಮ ಬಾಯಿಂದ ಬರಾಕ್ಹತ್ತೇತಿ. ಮುಂಜಾನಿ ತಿಂದೀರಲ್ಲ!"

ಅಕ್ಕ "ಶಿವ ಶಿವಾ" ಎಂದು ಕಿವಿ ಮುಚ್ಚಿಕೊಂಡು, ಇಂಥ ಸೊಸೆಯನ್ನು ಈಗಿಂದೀಗ ತವರಿಗೆ ಅಟ್ಟಬೇಕೆಂದರು. ಅತ್ತೆ ಮೂರು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಅವರು ಬಿಟ್ಟದ್ದರಲ್ಲೆಲ್ಲ ನನಗೆ ಸುಖ ಕೊಟ್ಟದ್ದು ಅದೊಂದೇ.

ಮರುದಿನ ಮುಂಜಾನೆ ಅದೇ ಅಕ್ಕ ಹಿತ್ತಲಲ್ಲಿ ನನ್ನ ಸೆರಗು ಜಗ್ಗಿದರು. ಮಣಿಕಟ್ಟಿನ ತನಕ ಇಳಿದಿದ್ದ ಕುಪ್ಪಸದ ತೋಳು ಮೇಲೆತ್ತಿ ತೋರಿಸಿದರು. ಅಲ್ಲಿಂದ ಮೊಣಕೈ ತನಕ ಕಪ್ಪಾಗಿ ಸುಲಿದಿತ್ತು.

"ನನಗೂ ಒಂದೀಟು ತರಸಿ ಕೊಡವಾ."

"ತರಸೂದಿಲ್ರಿ. ನಡೀರಿ, ನೀವ ಬಂದು ಕೇಳ್ರಿ" ಎಂದೆ.

ಹಾಡಹಗಲು, ಊರಬಾಗಿಲ ಅಗಸಿಯಲ್ಲಿ ಕುಳಿತ ಗಂಡಸರ ಎದುರಿಗೇ ಅವರನ್ನು ಹಳ್ಳದ ಭಟ್ಟಿಗೆ ಕರೆದೊಯ್ದೆ. ಮುಖದ ತುಂಬ ಸೆರಗೆಳೆದುಕೊಂಡು ಬಂದರು. ಸಾಲಹಳ್ಳಿಯವಳು ಒಂದಾದರೂ ಚುಚ್ಚುಮಾತು ಆಡುತ್ತಾಳೆಂದು ನಾನು ಕಾದೆ. ಆಡಲಿಲ್ಲ. ನನಗೆ ನಿರಾಸೆಯೇ ಆಯಿತು.

"ಕುಂಡ್ರಿ ಎವ್ವಾ" ಎಂದಳು. "ಮೂರು ಸಲ ತೊಳೀಬೇಕ್ರಿ, ಇಲ್ಲಂದ್ರ ಕಹಿ ಹೋಗೂದಿಲ್ಲ." ಹಸಿ ಗಸಿ ತುಂಬಿದ ಅರಿವೆಯ ಒಂದು ತುದಿಯನ್ನು ಅವರ ಕೈಗೆ ಕೊಟ್ಟಳು. ಅಕ್ಕ ಒಮ್ಮೆ ನನ್ನನ್ನು, ಒಮ್ಮೆ ಊರ ದಾರಿಯನ್ನು ನೋಡಿ, ಕುಕ್ಕರಗಾಲಲ್ಲಿ ಕುಳಿತು ಹಿಂಡತೊಡಗಿದರು.